ಸರೋವರದ ದಂಡೆ, ದ್ರಾಕ್ಷಿಯ ತೋಟ, ಜತೆಗೊಂದು ನಾಯಿ

ಮಹಾಭಾರತದ ಕೊನೆಯಲ್ಲಿ ಇಂದ್ರನ ರಥ ಎದುರಿಗೆ ಬಂದು ನಿಂತಾಗಲೂ, ಹಾದಿಯುದ್ದಕ್ಕೂ ಹಿಂಬಾಲಿಸಿ ಬಂದ ನಾಯಿಯನ್ನು ತೊರೆದು ಸ್ವರ್ಗಕ್ಕೇರಲು ಧರ್ಮರಾಯನು ಒಪ್ಪಲಿಲ್ಲ. ಅದೇ ಪ್ರಶ್ನೆ, ಬಹು ಚಿಕ್ಕ ರೂಪದಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಸೀಮೆಗೆ ಪ್ರವಾಸ ಹೊರಡುವ ಕುಟುಂಬಗಳ ಮುಂದೆಯೂ ನಿಲ್ಲುತ್ತದೆ: ಮನೆಯ ನಾಯಿಯನ್ನು ಜತೆಗೆ ಕರೆದೊಯ್ದರೆ ಬಾಗಿಲಲ್ಲಿ ತಡೆದಾರೆಯೇ? ದ್ರಾಕ್ಷಿ ಬೆಳೆದು ವೈನ್ ತಯಾರಿಸುವ ಅಲ್ಲಿನ ಅನೇಕ ವೈನರಿಗಳು ನಾಯಿಯನ್ನೂ ಬರಮಾಡಿಕೊಳ್ಳುತ್ತವೆ.

ಫಿಂಗರ್ ಲೇಕ್ಸ್ ಎಂದರೆ ಬೆರಳು ಸರೋವರಗಳು. ಉತ್ತರ–ದಕ್ಷಿಣವಾಗಿ ಕೈಬೆರಳುಗಳಂತೆ ಚಾಚಿಕೊಂಡ 11 ಸರೋವರಗಳಿವೆ. ಹಿಮಯುಗದಲ್ಲಿ ಹಿಮನದಿಗಳು ಹಳೆಯ ಕಣಿವೆಗಳನ್ನು ಆಳವಾಗಿ ಕೊರೆದುದರಿಂದ ಅವು ಉಂಟಾದವು. ಸೆನೆಕಾ ಮತ್ತು ಕಯೂಗಾ ಸರೋವರಗಳು ತಲಾ ಸುಮಾರು 60 ಕಿ.ಮೀ. ಉದ್ದವಾಗಿವೆ. ಸೆನೆಕಾದ ಆಳ ಸುಮಾರು 188 ಮೀಟರ್. ಅದರ ತಳ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ. ಈ ಆಳವೇ ದ್ರಾಕ್ಷಿಗೆ ರಕ್ಷೆ. ಬೇಸಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡ ನೀರು ಚಳಿಗಾಲದಲ್ಲಿ ಅದನ್ನು ಮೆಲ್ಲನೆ ಬಿಟ್ಟುಕೊಟ್ಟು ದಂಡೆಯ ಬಳ್ಳಿಗಳನ್ನು ಕಾಯುತ್ತದೆ. ವಸಂತದಲ್ಲಿ ಅದೇ ನೀರು ತಣ್ಣಗಿದ್ದು, ಚಿಗುರು ಅವಸರದಿಂದ ಒಡೆದು ಮಂಜಿಗೆ ಸುಟ್ಟುಹೋಗದಂತೆ ನೋಡಿಕೊಳ್ಳುತ್ತದೆ.

1976ರಲ್ಲಿ ರಾಜ್ಯವು ತಂದ ಕಾಯಿದೆಯಿಂದ ಸಣ್ಣ ಬೆಳೆಗಾರರಿಗೂ ತಮ್ಮ ವೈನನ್ನು ತಾವೇ ಮಾರುವ ದಾರಿ ಸುಗಮವಾಯಿತು. ಅಂದಿನಿಂದ ದಂಡೆಯ ಇಳಿಜಾರುಗಳಲ್ಲಿ ಕುಟುಂಬಗಳು ನಡೆಸುವ ವೈನರಿಗಳು ಒಂದರ ಬಳಿಕ ಒಂದು ಎದ್ದವು. ವೈನಿನ ರುಚಿ ನೋಡಲು 21 ವರ್ಷ ತುಂಬಿರಬೇಕು. ವಾಹನ ನಡೆಸುವವರು ದೂರವಿರುವುದು ಲೇಸು. ಮಕ್ಕಳಿಗೆ ದ್ರಾಕ್ಷಿಯ ಹಣ್ಣಿನರಸವಿದೆ. ನೇಪಲ್ಸ್ ಎಂಬ ಊರಿನಲ್ಲಿ ದ್ರಾಕ್ಷಿಯನ್ನೇ ಹೂರಣವಾಗಿಸಿದ ಕಡುಬಿನಂಥ ಪೈ ಹೆಸರುವಾಸಿ. ನಾಯಿಗೆ ಹುಲ್ಲುಹಾಸಿನ ನೆರಳು, ಬಟ್ಟಲ ತುಂಬ ತಣ್ಣೀರು. ಕೊರಳಪಟ್ಟಿಯ ಹಗ್ಗ ಮಾತ್ರ ಯಜಮಾನನ ಕೈಯಲ್ಲಿರಬೇಕು. ಕೆಲವೆಡೆ ಒಳಗೂ ಬಿಡುತ್ತಾರೆ, ಕೆಲವೆಡೆ ಜಗಲಿಯವರೆಗೆ ಮಾತ್ರ. ಮೊದಲೇ ಕೇಳಿ ಹೋಗುವುದು ವಾಡಿಕೆ.

ಆದರೆ ಆ ತೋಟವೇ ನಾಯಿಗೆ ಅಪಾಯದ ಜಾಗವೂ ಹೌದು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ. ಕೆಲವು ನಾಯಿಗಳಲ್ಲಿ ಅಲ್ಪ ಪ್ರಮಾಣವೇ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ತಿಂದುದು ಗೊತ್ತಾದೊಡನೆ, ವಾಂತಿಯಾಗುವವರೆಗೆ ಕಾಯದೆ, ಪಶುವೈದ್ಯರ ಬಳಿಗೆ ಒಯ್ಯಬೇಕು. ಜತ್ತ, ಸೋಲಾಪುರದ ಕಡೆ ಒಣದ್ರಾಕ್ಷಿಯ ಶೆಡ್ಡುಗಳ ಕಾವಲಿಗೆ ನಾಯಿ ಸಾಕಿದ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಬೇಸಗೆಯ ಕೊನೆಯಲ್ಲಿ ಸರೋವರಗಳಲ್ಲಿ ಹಸಿರು ಪಾಚಿಯಂತೆ ತೇಲುವ ಸಯನೋಬ್ಯಾಕ್ಟೀರಿಯಾ ಕೂಡ ವಿಷಕಾರಿ. ಅಂಥ ನೀರಿಗೆ ನಾಯಿಯನ್ನು ಇಳಿಸಬಾರದು. ವಾಟ್ಕಿನ್ಸ್ ಗ್ಲೆನ್‌ನ ಕಲ್ಲುಕಮರಿಯ ಕಾಲುದಾರಿಯಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ. ಆದರೆ ನಯಾಗರಾಕ್ಕಿಂತಲೂ ಎತ್ತರದಿಂದ, 66 ಮೀಟರ್ ಕೆಳಕ್ಕೆ ಧುಮುಕುವ ಟಾಗನಾಕ್ ಜಲಪಾತದ ಬುಡದವರೆಗೆ ಹಗ್ಗ ಹಿಡಿದು ಕರೆದೊಯ್ಯಬಹುದು.

ಬಾಗಿಲಿಗೆ ಬಂದ ಎಲ್ಲರನ್ನೂ ಈ ನೆಲ ಹೀಗೆ ಬರಮಾಡಿಕೊಂಡಿತ್ತೆಂದಲ್ಲ. ಕ್ಯೂಕಾ ಸರೋವರದ ತೀರದಲ್ಲಿ ನೆನೆಯಬೇಕಾದ ಹೆಸರು ಕಾನ್‌ಸ್ಟಾಂಟಿನ್ ಫ್ರಾಂಕ್ ಅವರದು. ಉಕ್ರೇನಿನ ಕಡುಚಳಿಯಲ್ಲಿ ದ್ರಾಕ್ಷಿ ಬೆಳೆಸಿದ್ದ ಈ ವಿದ್ವಾಂಸರು 1951ರಲ್ಲಿ ಅಮೆರಿಕಕ್ಕೆ ಬಂದರು. ಹಲವು ಭಾಷೆ ಬಲ್ಲವರಾದರೂ ಇಂಗ್ಲಿಷ್ ಬರುತ್ತಿರಲಿಲ್ಲ. ಸಂಶೋಧನಾ ಕೇಂದ್ರದಲ್ಲಿ ಸಿಕ್ಕಿದ್ದು ಕಳೆ ಕೀಳುವಂಥ ಕೂಲಿ. ಯುರೋಪಿನ ದ್ರಾಕ್ಷಿ ಇಲ್ಲಿನ ಚಳಿಗೆ ಉಳಿಯದೆಂಬುದು ಅಂದಿನ ನಂಬಿಕೆ. ಚಳಿ ತಡೆಯುವ ಬೇರಿಗೆ ಕಸಿ ಕಟ್ಟಿದರೆ ಉಳಿಯುತ್ತದೆಂಬ ಅವರ ಮಾತಿಗೆ ಕಿವಿಗೊಟ್ಟವರು, ಅಲ್ಲಿ ವೈನ್ ತಯಾರಿಸುತ್ತಿದ್ದ ಫ್ರಾನ್ಸಿನ ಚಾರ್ಲ್ಸ್ ಫೂರ್ನಿಯೆ. ಕಸಿಯ ಬಳ್ಳಿಗಳು ಉಳಿದವು. 1962ರಲ್ಲಿ ಫ್ರಾಂಕ್ ಅವರು ತಮ್ಮದೇ ವೈನರಿ ತೆರೆದರು. ಊರಿನ ಭಾಷೆ ಬಾರದವನಿಗೆ ವಿದ್ಯೆಯೂ ಇಲ್ಲವೆಂದು ತಿಳಿಯುವುದು ಎಷ್ಟು ದೊಡ್ಡ ತಪ್ಪೆಂಬುದಕ್ಕೆ ಆ ಇಳಿಜಾರಿನ ಬಳ್ಳಿಗಳೇ ಸಾಕ್ಷಿ.

ಇನ್ನೂ ಹಿಂದೆ ಹೋದರೆ ಬಾಗಿಲೇ ಮುಚ್ಚಿದ ಕಥೆಯಿದೆ. ಸೆನೆಕಾ, ಕಯೂಗಾ ಎಂಬವು ಈ ನೆಲದ ಮೂಲನಿವಾಸಿ ಜನಾಂಗಗಳ ಹೆಸರುಗಳು. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಕಳುಹಿಸಿದ ಸೇನೆ ಅವರ 40ಕ್ಕೂ ಹೆಚ್ಚು ಹಳ್ಳಿಗಳನ್ನು ಸುಟ್ಟು, ಜೋಳದ ಹೊಲಗಳನ್ನೂ ಹಣ್ಣಿನ ತೋಟಗಳನ್ನೂ ನಾಶಮಾಡಿತು. ಬದುಕುಳಿದವರು ನೆಲೆ ಬಿಟ್ಟು ಚದುರಿದರು. ಅವರ ಭಾಷೆಗಳನ್ನು ನಿರರ್ಗಳವಾಗಿ ಬಲ್ಲವರು ಇಂದು ತೀರ ಕಡಿಮೆ. ಆದರೂ ಮಕ್ಕಳಿಗೆ ಅವನ್ನು ಕಲಿಸುವ ಪ್ರಯತ್ನ ನಿಂತಿಲ್ಲ.

ಸಂಜೆ ದಣಿದ ನಾಯಿ ಬಟ್ಟಲ ನೀರು ಕುಡಿದು ಕಾರಿನ ಹಿಂಬದಿಯಲ್ಲಿ ಮಲಗುತ್ತದೆ. ದಾರಿಯ ಫಲಕದಲ್ಲಿ ಕಯೂಗಾ ಎಂಬ ಹೆಸರು ಓದಿದ ಮಗು, ಅದು ಯಾವ ಭಾಷೆಯ ಮಾತು, ಆಡುತ್ತಿದ್ದವರು ಎಲ್ಲಿ ಹೋದರು ಎಂದು ಕೇಳಬಹುದು. ಆಗ ಉತ್ತರ ಹೇಳಬಲ್ಲ ಹಿರಿಯರು ಜತೆಗಿದ್ದರೆ, ಆ ಪ್ರವಾಸ ಸಾರ್ಥಕ.