‘ನಾನು ಸತ್ತೆ’ ಅನ್ನುವ ಮಕ್ಕಳು

ಕಥೆ ಓದಿದವರು ‘ನಾಯಕ ಸತ್ತ’ ಅನ್ನುತ್ತಾರೆ. ಸಾಗರದ ನಮ್ಮ ಮನೆಯಲ್ಲಿ ವಿಡಿಯೋ ಗೇಮ್ ಆಡುವ ಮಕ್ಕಳು ‘ನಾನು ಸತ್ತೆ’ ಅನ್ನುತ್ತಾರೆ. ಕಥೆ ಬರೆಯುವ ನಮಗೆ ಈ ‘ನಾನು’ ಕಂಡು ಹೊಟ್ಟೆಕಿಚ್ಚು, ಜೊತೆಗೆ ದಿಗಿಲು. 2007ರ ‘ಕಾಲ್ ಆಫ್ ಡ್ಯೂಟಿ 4’ರ ಒಂದು ಭಾಗದಲ್ಲಿ ಆ ‘ನಾನು’ ಹೆಸರಿಲ್ಲದ ಮಧ್ಯಪ್ರಾಚ್ಯ ದೇಶಕ್ಕೆ ನುಗ್ಗುವ ಅಮೆರಿಕದ ಸೈನಿಕ. ನಮ್ಮ ಮಕ್ಕಳೂ ಆ ಬಂದೂಕಿನ ಹಿಂದೆಯೇ ನಿಲ್ಲಬೇಕು.

2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಟಗಾರರ ಪ್ರೀತಿಯ ಜೋಯಲ್‌ನನ್ನು ಕೊಂದ ಆ್ಯಬಿಯ ಪಾತ್ರವನ್ನೇ ಅವರ ಕೈಗಿಟ್ಟಿತು. ಬಹಳ ಜನ ಸಿಟ್ಟಾದರು. ತೀರ್ಥಹಳ್ಳಿ, ಹೊಸನಗರದ ತಾಳಮದ್ದಳೆ ಕೇಳಿದವರಿಗೆ ಇದೇನು ಹೊಸತಲ್ಲ: ವೇಷವಿಲ್ಲದೆ ಕೂತ ಅರ್ಥಧಾರಿ ಇಂದು ಕರ್ಣನಾಗಿ, ನಾಳೆ ಅರ್ಜುನನಾಗಿ ‘ನಾನು’ ಅನ್ನುತ್ತಾರೆ. ಆದರೆ ಅವರು ತಮ್ಮ ಮಾತನ್ನು ತಾವೇ ಕಟ್ಟುತ್ತಾರೆ. ಗೇಮ್ ಆಡುವ ಹುಡುಗ ಯಾರೋ ಬರೆದಿಟ್ಟ ಮಾತಿಗೆ ಬಟನ್ ಒತ್ತಬೇಕು.