ಕ್ಷೌರದ ಕುಂಚ

ಕ್ಷೌರದ ಸಾಮಗ್ರಿಗಳಲ್ಲಿ ಕತ್ತಿಗೆ ಸಲ್ಲುವ ಮರ್ಯಾದೆ ಕುಂಚಕ್ಕೆ ಎಂದೂ ಸಂದಿಲ್ಲ. ಬ್ಲೇಡು ಮೊಂಡಾಯಿತೆಂದು ಗೊಣಗದ ಗಂಡಸು ಊರಿನಲ್ಲಿಲ್ಲ. ಸೋಪಿನ ಪರಿಮಳವನ್ನು ಕುರಿತಾದರೋ ಮನೆಮಂದಿಯೆಲ್ಲ ಒಂದೊಂದು ಅಭಿಪ್ರಾಯವನ್ನು ಕೊಡಬಲ್ಲರು. ಆದರೆ ನಿಮ್ಮ ಬ್ರಷ್ಷು ಯಾವ ಕೂದಲಿನದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಬಚ್ಚಲುಮನೆಗೆ ಹೋಗಿ ನೋಡಿಕೊಂಡು ಬರಬೇಕಾಗುತ್ತದೆ. ನೋಡಿದ ಮೇಲೂ ತಿಳಿಯುವುದಿಲ್ಲ. ನಾವೂ ಆ ಒಂಬತ್ತು ಮಂದಿಯಲ್ಲಿ ಸೇರಿದವರೇ. ಮೂವತ್ತು ವರ್ಷ ಕಾಲ ಯಾವ ಅಂಗಡಿಯಲ್ಲಿ ಏನು ಸಿಕ್ಕಿತೋ ಅದನ್ನು ತಂದು, ಕೂದಲೆಲ್ಲ ಉದುರಿ ಹಿಡಿ ಮಾತ್ರ ಉಳಿಯುವ ತನಕ ಬಳಸಿ, ಬಳಿಕ ಇನ್ನೊಂದನ್ನು ತಂದವರು. ನಮ್ಮ ಮುಖದ ಚರ್ಮವೂ ಅದಕ್ಕೆ ತಕ್ಕಂತೆ ಒಗ್ಗಿಹೋಗಿದ್ದಿತು. ಬೇರೊಬ್ಬರ ಮುಖಕ್ಕೆ ಕ್ಷೌರಮಾಡುವ ಹೊಣೆ ನಮ್ಮ ಪಾಲಿಗೆ ಬಾರದೆ ಇದ್ದಿದ್ದರೆ ಈ ವಿಷಯದಲ್ಲಿ ನಮ್ಮ ಕಣ್ಣು ತೆರೆಯುತ್ತಲೇ ಇರಲಿಲ್ಲ.

ನಮ್ಮ ತಂದೆಯವರಿಗೆ ಈಗ 84 ವರ್ಷ. ನಲವತ್ತು ವರ್ಷ ಜಮಾಖರ್ಚು ಬರೆದ ಆ ಕೈ ಮೂರು ವರ್ಷಗಳ ಹಿಂದೆ ನಡುಗಲಾರಂಭಿಸಿತು. ಕಾಫಿಯ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಸುಧಾರಿಸಿಕೊಂಡರು. ಸಹಿ ಹೊಂದದೆ ಹೆಬ್ಬೆಟ್ಟು ಒತ್ತಬೇಕಾಗಿ ಬಂದ ದಿನ ಬ್ಯಾಂಕಿನಿಂದ ಮನೆಯವರೆಗೆ ಒಂದು ಮಾತನ್ನೂ ಆಡಲಿಲ್ಲ. ಆದರೆ ರೇಜರನ್ನು ಮಾತ್ರ ಬಿಟ್ಟುಕೊಡಲಿಲ್ಲ. ಒಂದು ಬೆಳಗ್ಗೆ ಗದ್ದದ ಕೆಳಗೆ ಗಾಯವಾಯಿತು. ಹೃದಯದ ಸಲುವಾಗಿ ರಕ್ತವನ್ನು ತೆಳುವಾಗಿಡುವ ಮಾತ್ರೆ ನುಂಗುವವರಾದುದರಿಂದ, ಅಕ್ಕಿಕಾಳಿನಷ್ಟು ಗಾಯದಿಂದ ರಕ್ತ ಮುಕ್ಕಾಲು ಗಂಟೆ ನಿಲ್ಲದೆ ಹರಿದು ಪಂಚೆಯೆಲ್ಲ ತೊಯ್ದಿತು. ನಮ್ಮ ಮನೆಯವರು ಪಂಚೆಯನ್ನು ನೋಡಿದರು. ಆಮೇಲೆ ನಮ್ಮನ್ನು ನೋಡಿದರು. ಅಲ್ಲಿಂದ ಮುಂದೆ ವಾರಕ್ಕೆರಡು ಸಲ, ಸೋಮವಾರ ಮತ್ತು ಬುಧವಾರ, ಆ ಕೆಲಸ ನಮ್ಮದಾಯಿತು. ಮಂಗಳವಾರ, ಶುಕ್ರವಾರಗಳಲ್ಲಿ ಕ್ಷೌರ ಕೂಡದೆಂಬುದು ಅವರ ನಿಯಮ. ಅದನ್ನು ಮೀರುವ ಧೈರ್ಯ ನಮಗೂ ಇಲ್ಲ.

ಮೊದಲನೆಯ ದಿನ ನಾವು ಹೊಸದೊಂದು ಬ್ರಷ್ಷನ್ನು ತಂದಿದ್ದೆವು. ಬೆಲೆ 60 ರೂಪಾಯಿ. ಕೆನ್ನೆಗೆ ಸೋಕಿಸಿದೊಡನೆಯೇ ತಂದೆಯವರು ಮುಖವನ್ನು ಹಿಂದೆ ಎಳೆದುಕೊಂಡರು.

“ಏನೋ ಇದು, ತೆಂಗಿನ ನಾರೇನೋ?”

“ಬ್ರಷ್ಷು, ಅಣ್ಣ.” ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣನೆಂದೇ ಕರೆಯುವ ರೂಢಿ.

“ಇದರಲ್ಲಿ ಪಾತ್ರೆ ಬೆಳಗಬಹುದು. ನಮ್ಮೂರಿನಲ್ಲಿ ಕ್ಷೌರಕ್ಕೆ ಬರುತ್ತಿದ್ದವನ ಹತ್ತಿರ ಇದೂ ಇರಲಿಲ್ಲ. ಹಿತ್ತಾಳೆ ಬಟ್ಟಲಿನಲ್ಲಿ ಬರಿಯ ನೀರು, ಎರಡು ಬೆರಳು. ಕಾಲು ಗಂಟೆ ತಿಕ್ಕುತ್ತಿದ್ದ. ಆಮೇಲೆ ಕತ್ತಿ ಬೆಣ್ಣೆಯಲ್ಲಿ ಆಡಿದ ಹಾಗೆ ಆಡುತ್ತಿತ್ತು.”

ಹಳೆಯ ಕಾಲದವರು ಹಳೆಯದನ್ನು ಹೊಗಳುವುದು ಸಹಜವೆಂದು ನಾವು ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಆದರೆ ಆ ದಿನ ನಾವು ಹಚ್ಚಿದ ನೊರೆ ಕೆನ್ನೆಯ ಎರಡನೆಯ ಭಾಗಕ್ಕೆ ಬರುವಷ್ಟರಲ್ಲಿ ಆರಿ, ಸುಣ್ಣ ಬಳಿದ ಗೋಡೆಯಂತಾಯಿತು. ಐದಾರು ಕೂದಲು ಬ್ರಷ್ಷಿನಿಂದ ಕಳಚಿ ಅವರ ತುಟಿಗೆ ಅಂಟಿಕೊಂಡವು. ಒಣಗಿದ ಕಡೆಯಲ್ಲಿ ಬ್ಲೇಡು ತಡೆದು ಮತ್ತೆ ಗಾಯವಾಯಿತು. ಅವರ ಕೈ ನಡುಗಿ ಆದ ಗಾಯಕ್ಕೂ ನಮ್ಮ ಕೈ ನಡುಗದೆ ಆದ ಗಾಯಕ್ಕೂ ಏನು ಭೇದ? ನಾವು ನಾಚಿದೆವು. ವಿಚಾರಮಾಡಲೂ ತೊಡಗಿದೆವು.

ವಿಚಾರಮಾಡಿದಷ್ಟೂ ಊರಿನ ಆ ಕ್ಷೌರಿಕನೇ ಸರಿಯೆಂದು ತೋರಿತು. ಗಡ್ಡದ ಕೂದಲು ಒಣಗಿದ್ದಾಗ ಬಹಳ ಗಟ್ಟಿ. ಎರಡು ಮೂರು ನಿಮಿಷ ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಆಗ ಕತ್ತರಿಸುವುದಕ್ಕೆ ಬೇಕಾದ ಬಲ ಬಹಳ ಕಡಮೆ. ಕೂದಲನ್ನು ಮೆತ್ತಗೆ ಮಾಡುವುದು ಸೋಪಲ್ಲ, ನೀರು. ಆ ನೀರು ಆರಿಹೋಗದಂತೆ ಮುಖದ ಮೇಲೆ ಹಿಡಿದು ನಿಲ್ಲಿಸುವುದು, ಬ್ಲೇಡು ಜಾರುವಂತೆ ಮಾಡುವುದು, ಇದು ಸೋಪಿನ ನೊರೆಯ ಕೆಲಸ. ಕುಂಚದ ಕೆಲಸವಾದರೋ ಇವೆರಡಕ್ಕೂ ಮಧ್ಯವರ್ತಿಯಾಗಿ ನಿಲ್ಲುವುದು: ತನ್ನ ಒಡಲಲ್ಲಿ ನೀರನ್ನು ಇಟ್ಟುಕೊಂಡು, ಸ್ವಲ್ಪ ಸ್ವಲ್ಪವಾಗಿ ಸೋಪಿಗೆ ಕೊಟ್ಟು, ಗಾಳಿಯನ್ನು ಬೆರಸಿ ಕಡೆದು, ಮಲಗಿದ ಕೂದಲನ್ನು ಎಬ್ಬಿಸಿ ನೊರೆಯನ್ನು ಬುಡದವರೆಗೆ ಸೇರಿಸುವುದು. ನೀರನ್ನು ಹಿಡಿಯಲಾರದ ಕುಂಚ ಎಷ್ಟು ಅಗ್ಗವಾದರೂ ದುಬಾರಿಯೇ. ನಮ್ಮ 60 ರೂಪಾಯಿಯದು ಹಿಡಿಯುತ್ತಿರಲಿಲ್ಲ. ಅದರ ಕೂದಲುಗಳ ನಡುವೆ ಬೆಳಕು ಕಾಣುತ್ತಿದ್ದಿತು.

ಹೊಸದಕ್ಕೆ ಹಣವೇಕೆ, ಅಟ್ಟದ ಪೆಟ್ಟಿಗೆಯಲ್ಲಿ ತಾತನ ಬ್ರಷ್ಷೇ ಇದೆಯಲ್ಲ ಎಂದು ನಮ್ಮ ಮನೆಯವರು ಸೂಚಿಸಿದರು. ಪೆಟ್ಟಿಗೆಯನ್ನು ಇಳಿಸಿ ನೋಡಿದರೆ ನಿಜ. ಮೂಳೆಯ ಹಿಡಿ, ಕಂದುಬಣ್ಣದ ದಟ್ಟವಾದ ಕುಚ್ಚು, ಹುಳು ಹಿಡಿಯದೆ ಉಳಿದಿದೆ. ಕಾಸಿಲ್ಲದೆ ದೊರೆತದ್ದಕ್ಕಿಂತ ಒಳ್ಳೆಯ ಬೆಲೆ ಯಾವುದುಂಟು? ಆದರೆ ಅಷ್ಟರಲ್ಲಿ ನಾವು ಈ ವಿಷಯವನ್ನು ಓದಲು ಹಿಡಿದಿದ್ದೆವು. ಓದಿನಿಂದ ಒಂದು ಭಯವೂ ಬಂದಿದ್ದಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದ ಮೇಲೆ ಬ್ಯಾಜರ್ ಎಂಬ ಪ್ರಾಣಿಯ ಕೂದಲಿನ ಒಳ್ಳೆಯ ಕುಂಚಗಳಿಗೆ ಅಭಾವವುಂಟಾಗಿ, ಕುದುರೆಯ ಕೂದಲಿಗೆ ಬಣ್ಣ ಕೊಟ್ಟು ಬ್ಯಾಜರಿನಂತೆ ತೋರುವ ಅಗ್ಗದ ಕುಂಚಗಳನ್ನು ಮಾರಿದರು. ಅವುಗಳಲ್ಲಿ ಕೆಲವನ್ನು ಸರಿಯಾಗಿ ಶುದ್ಧಿಮಾಡಿರಲಿಲ್ಲ. ನಮ್ಮ ಕಡೆ ದನಗಳಿಗೆ ಬರುವ ನೆರಡಿ ರೋಗ, ವೈದ್ಯರು ಆಂತ್ರಾಕ್ಸ್ ಎನ್ನುವುದು, ಆ ಕೂದಲಿನ ಮೂಲಕ ಮುಖದ ಗೀರುಗಳನ್ನು ಹೊಕ್ಕಿತು. ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಸೈನಿಕರು, ಸಾಮಾನ್ಯ ಜನರು ಸೇರಿ 200ಕ್ಕೂ ಹೆಚ್ಚು ಮಂದಿ ಹೀಗೆ ರೋಗಕ್ಕೆ ತುತ್ತಾದರು. ಕಾಸು ಉಳಿಸಿದವರು ತೆತ್ತ ಬೆಲೆ! ಈಗ ಕಾರ್ಖಾನೆಗಳಲ್ಲಿ ಕೂದಲನ್ನು ಶುದ್ಧಿಮಾಡುವುದರಿಂದ ಹೊಸ ಕುಂಚಗಳಿಗೆ ಈ ಭಯವಿಲ್ಲ. ಆದರೆ ಆ ರೋಗದ ಬೀಜ ಹತ್ತಾರು ವರ್ಷ ಸಾಯದೆ ಉಳಿಯಬಲ್ಲುದು. ತಾತನ ಕುಂಚದಲ್ಲಿ ಅದು ಇದ್ದಿರುವ ಸಂಭವ ಬಹಳ ಕಡಮೆಯೆಂದು ನಮಗೂ ಗೊತ್ತು. ಆದರೂ ಯಾವ ಪ್ರಾಣಿಯದೆಂದೇ ತಿಳಿಯದ ಕೂದಲನ್ನು, ಮುಟ್ಟಿದರೆ ರಕ್ತ ಬರುವ ಚರ್ಮಕ್ಕೆ ಹಚ್ಚುವ ಮನಸ್ಸಾಗಲಿಲ್ಲ. ಅದನ್ನು ಪೆಟ್ಟಿಗೆಗೇ ಹಿಂದಿರುಗಿಸಿದೆವು.

ಅಂಗಡಿಯಲ್ಲಿ ಸಿಕ್ಕುವ ಸಾಧಾರಣ ಬೆಲೆಯ ಕೂದಲಿನ ಕುಂಚ ಹೆಚ್ಚಾಗಿ ಹಂದಿಯದು. ಅದರ ಗುಣವನ್ನು ಅಲ್ಲಗಳೆಯಲಾಗದು: ಕೂದಲು ಗಡುಸಾಗಿ ಬೆನ್ನೆಲುಬುಳ್ಳದ್ದು, ಪ್ರತಿಯೊಂದರ ತುದಿಯೂ ಸೀಳುತ್ತಾ ಹೋಗಿ ಹದಿನೈದು ಇಪ್ಪತ್ತು ಸಲ ಬಳಸಿದ ಮೇಲೆ ಮೆತ್ತಗಾಗುತ್ತದೆ, ಬಳಸುವ ಮುಂಚೆ ಕೆಲವು ನಿಮಿಷ ನೀರಿನಲ್ಲಿ ನೆನೆಯಿಟ್ಟರೆ ಒಳ್ಳೆಯ ನೊರೆ ಕೊಡುತ್ತದೆ. ತಾಳ್ಮೆಯುಳ್ಳ ಯುವಕರಿಗೆ ಇದಕ್ಕಿಂತ ಲಾಭದ ಕುಂಚ ಬೇರೆ ಇಲ್ಲವೆನ್ನಬಹುದು. ಆದರೆ ನಮ್ಮ ತಂದೆಯವರು “ಅದು ಯಾವುದರ ಕೂದಲೋ?” ಎಂದು ಕೇಳಿಯೇ ಕೇಳುವರು, ಸುಳ್ಳು ಹೇಳಿ ಅವರ ಮುಖಕ್ಕೆ ಹಚ್ಚುವುದು ನಮ್ಮಿಂದಾಗದು. ಈ ಪ್ರಶ್ನೆ ನಮ್ಮ ದೇಶದಲ್ಲಿ ಎಷ್ಟೋ ಮನೆಗಳಲ್ಲಿ, ಎಷ್ಟೋ ಮತಗಳವರಲ್ಲಿ ಏಳತಕ್ಕದ್ದು. ಡಬ್ಬಿಯ ಮೇಲೆ ಸುಮ್ಮನೆ ‘ಬ್ರಿಸಲ್’ ಎಂದು ಅಚ್ಚುಹಾಕಿ ಪ್ರಾಣಿಯ ಹೆಸರನ್ನು ನುಂಗಿಬಿಡುವ ವ್ಯಾಪಾರಿಗಳಿಗೆ ಇದು ತಿಳಿಯದ ವಿಷಯವೇನೂ ಅಲ್ಲ.

ಈ ನಡುವೆ ಲಂಡನ್ನಿನಲ್ಲಿರುವ ನಮ್ಮ ಭಾವಮೈದುನರು ಊರಿಗೆ ಬಂದವರು ವಿಷಯವನ್ನು ಕೇಳಿ, ಹಿಂದಿರುಗಿದ ಮೇಲೆ ಬ್ಯಾಜರ್ ಕೂದಲಿನ ಕುಂಚವೊಂದನ್ನು ಕಳುಹಿಸಿದರು. ಬೆಲೆಯನ್ನು ಅವರು ಹೇಳಲಿಲ್ಲ. ನಾವು ಪತ್ತೆಮಾಡಿ ಗಾಬರಿಗೊಂಡೆವು. ಅದರಲ್ಲಿ ಒಂದು ತಿಂಗಳ ದಿನಸಿಯನ್ನು ತರಬಹುದಾಗಿತ್ತು. ಬ್ಯಾಜರೆಂಬುದು ನಮ್ಮ ಕಾಡುಗಳ ತರಕರಡಿಯ ದೂರದ ಬಂಧು. ಬಿಲ ತೋಡಿ ಬಾಳುವ ಪ್ರಾಣಿ. ಅದರ ಕೂದಲು ನೀರನ್ನು ಹಿಡಿಯುವುದರಲ್ಲಿ ಪ್ರಸಿದ್ಧ. ತುದಿಯಲ್ಲಿ ಬಿಳುಪು, ನಡುವೆ ಕಪ್ಪು ಪಟ್ಟಿ. ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎಂದು ಅದರಲ್ಲಿ ಮೇಲುಮೇಲಿನ ತರಗತಿಗಳುಂಟು. ಆದರೆ ಈ ಹೆಸರುಗಳಿಗೆ ಎಲ್ಲರೂ ಒಪ್ಪಿದ ಅಳತೆಯೊಂದಿಲ್ಲ. ಒಬ್ಬ ತಯಾರಕನ ಬೆಸ್ಟ್ ಇನ್ನೊಬ್ಬನ ಪ್ಯೂರ್ ಆಗಿರಬಹುದು. ಹೆಸರಿಗೆ ಹಣ ಕೊಡುವವರು ಇದನ್ನು ನೆನಪಿನಲ್ಲಿಡುವುದು ಲೇಸು. ಕುದುರೆಯ ಬಾಲವನ್ನೋ ಜೂಲನ್ನೋ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಬ್ಯಾಜರಿನ ಕೂದಲು ಮಾತ್ರ ಸತ್ತ ಪ್ರಾಣಿಯಿಂದಲೇ ಬರತಕ್ಕದ್ದು, ಬಹುಮಟ್ಟಿಗೆ ಚೀನಾದೇಶದಿಂದ. ಚಿತ್ರಕಾರರ ಕುಂಚಕ್ಕಾಗಿ ಮುಂಗುಸಿಗಳನ್ನು ಕೊಲ್ಲುವುದನ್ನು ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನು ತಡೆಯುತ್ತದೆ. ಆ ಬ್ಯಾಜರಿನ ಪರವಾಗಿ ಮಾತಾಡುವವರು ಯಾರೋ ನಾವರಿಯೆವು. ಆದರೂ ನಿಜವನ್ನು ಹೇಳಬೇಕು: ಆ ಕುಂಚ ಈಗ ನಮ್ಮ ಬಳಿಯಲ್ಲಿದೆ, ನಾವೇ ಬಳಸುತ್ತೇವೆ, ಬಹಳ ಸುಖವಾಗಿದೆ. ಕೊಂಡದ್ದಲ್ಲವೆಂಬ ಸಮಾಧಾನ ಎಷ್ಟು ಟೊಳ್ಳೆಂಬುದೂ ನಮಗೆ ಗೊತ್ತು.

ತಂದೆಯವರಿಗೆ ಅದು ಸಲ್ಲದೆ ಹೋದುದಕ್ಕೆ ಕಾರಣ ಕೂದಲಲ್ಲ, ಹಿಡಿ. ಒಂದು ದಿನ ಅವರು ಕೈಚಾಚಿ, “ಕೊಡು ಇಲ್ಲಿ, ನೊರೆಯನ್ನಾದರೂ ನಾನೇ ಹಚ್ಚಿಕೊಳ್ಳುತ್ತೇನೆ” ಎಂದು ಇಸಿದುಕೊಂಡರು. ಹೊಳಪಿನ ಲೋಹದ ಸಣ್ಣ ನಡುವಿನ ಆ ಹಿಡಿ, ಸೋಪು ತಗುಲಿದ್ದೇ ತಡ, ಬೆರಳುಗಳಿಂದ ಮೀನಿನಂತೆ ಜಾರಿ ನೆಲಕ್ಕೆ ಬಿದ್ದಿತು. ಅವರು ಏನನ್ನೂ ಹೇಳದೆ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಬ್ಯಾಂಕಿನಿಂದ ಬಂದ ದಿನದ ಮೌನವೇ ಅದು.

ಆ ಮಧ್ಯಾಹ್ನವೇ ಪೇಟೆಗೆ ಹೊರಟೆವು. ಈ ಸಲ ಏನನ್ನು ಹುಡುಕುತ್ತಿದ್ದೇವೆಂಬುದು ನಮಗೆ ತಿಳಿದಿದ್ದಿತು. ಅಂಗಡಿಯವನು ಕೃತಕ ಕೂದಲಿನ ಕುಂಚಗಳನ್ನು ಮುಂದೆ ಹರಡಿದ. ಕೃತಕವೆಂದರೆ ನಾವು ಮೊದಲು ಮೂಗು ಮುರಿಯುತ್ತಿದ್ದೆವು. ಅದಕ್ಕೆ ಆಧಾರವೂ ಇದ್ದಿತು. 1938ರಲ್ಲಿ ನೈಲಾನು ಮೊಟ್ಟಮೊದಲು ಮಾರುಕಟ್ಟೆಗೆ ಬಂದದ್ದು ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ. ಹಲ್ಲಿಗೆ ತಕ್ಕ ಆ ದಪ್ಪ ಎಳೆ ಕೆನ್ನೆಗೆ ತಕ್ಕದ್ದಲ್ಲ, ನೀರನ್ನೂ ನಿಲ್ಲಿಸದು. ಈಚಿನ ಎಳೆಗಳಾದರೋ ಕೂದಲಿಗಿಂತಲೂ ನಯ. ತುದಿಗೆ ಹೋಗುತ್ತಾ ಸಪೂರವಾಗಿ, ರೇಷ್ಮೆಯಂತಿರುತ್ತವೆ. ಎಳೆ ತಾನು ನೀರನ್ನು ಕುಡಿಯದಿದ್ದರೂ ಒತ್ತೊತ್ತಾಗಿ ನಿಂತ ಎಳೆಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ. ನೆನೆಯಿಡಬೇಕಾದುದಿಲ್ಲ, ಬೇಗ ಒಣಗುತ್ತದೆ, ಯಾವ ಪ್ರಾಣಿಯದೆಂಬ ಪ್ರಶ್ನೆಯೂ ಏಳುವುದಿಲ್ಲ.

ಅಂಗಡಿಯವನ ಮುಖ ನೋಡದೆ ನಾವು ನಮ್ಮ ಪರೀಕ್ಷೆಯನ್ನು ನಡೆಸಿದೆವು. ಕುಚ್ಚನ್ನು ಅಂಗೈಗೆ ಒತ್ತಿ ತಿರುಗಿಸಿದರೆ ಚುಚ್ಚಬಾರದು, ಬಿಟ್ಟೊಡನೆ ನೆಟ್ಟಗಾಗಬೇಕು. ಬೆರಳಿನಿಂದ ಬಿಡಿಸಿ ನೋಡಿದರೆ ಬುಡದ ಅಂಟು ಸುಲಭವಾಗಿ ಕಾಣಬಾರದು. ಮೆಲ್ಲಗೆ ನಾಲ್ಕು ಸಲ ಎಳೆದರೆ ಒಂದೆರಡು ಎಳೆ ಬಂದರೆ ಬರಲಿ, ಐದಾರು ಬಂದರೆ ಕೆಳಗಿಡಬೇಕು. ಕುಚ್ಚು ಹಿಡಿಯನ್ನು ಸೇರುವೆಡೆಯಲ್ಲಿ ಅಡ್ಡಳತೆ 22ರಿಂದ 24 ಮಿಲಿಮೀಟರ್ ಇದ್ದರೆ ಸಾಮಾನ್ಯ ಮುಖಕ್ಕೆ ಧಾರಾಳ. ಇದಕ್ಕಿಂತ ದಪ್ಪನೆಯದು ಮೂಗಿಗೂ ಕಿವಿಗೂ ನೊರೆ ಬಳಿಯುತ್ತದೆ. ಕೊನೆಯದಾಗಿ ಅಂಗಡಿಯವನನ್ನು ಒಂದು ಲೋಟ ನೀರು ಕೇಳಿ ಕೈಯನ್ನು ಒದ್ದೆಮಾಡಿಕೊಂಡು ಹಿಡಿಗಳನ್ನು ಒಂದೊಂದಾಗಿ ಹಿಡಿದೆವು. ಅವನು ನಕ್ಕ. ನಗಲಿ, ಬಚ್ಚಲಲ್ಲಿ ಕುಂಚವನ್ನು ಒಣಗಿದ ಕೈಯಲ್ಲಿ ಹಿಡಿಯುವವರು ಯಾರು? ಬುಗುರಿಯಂತೆ ಮೇಲೆ ದಪ್ಪನಾಗಿ ನಡುವೆ ತಗ್ಗಾದ, ಹಗುರವಾದ, ಹೊಳಪಿಲ್ಲದ ಹಿಡಿಯದೊಂದು ಕೈಯಲ್ಲಿ ಕುಳಿತಿತು. ಬೆಲೆ 450 ರೂಪಾಯಿ.

ಮನೆಗೆ ಬಂದು ಬೆಲೆಯನ್ನು ಹೇಳಿದಾಗ ತಂದೆಯವರು ಕಣ್ಣುಮುಚ್ಚಿ ಲೆಕ್ಕ ಹಾಕಿದರು. ಅರುವತ್ತರ ಬ್ರಷ್ಷು ಆರು ತಿಂಗಳು ಬಾಳುವುದಾದರೆ ವರ್ಷಕ್ಕೆ 120. “ಹಾಗಾದರೆ ಇದು ಮೂರೂಮುಕ್ಕಾಲು ವರ್ಷ ಬಾಳಿದರೆ ಗಿಟ್ಟುತ್ತೆ ಅನ್ನು. ಬಾಳಬೇಕಾದ್ದು ಕುಂಚವೋ, ನಾನೋ?” ಎಂದರು. ನಮ್ಮ ಮನೆಯವರು ಅಡುಗೆಮನೆಗೆ ಹೊರಟುಹೋದರು.

ಕುಂಚ ಬಾಳಬೇಕಾದರೆ ಉಪಚಾರವೂ ಬೇಕು. ನಮ್ಮದು ಬೆಂಗಳೂರಿನ ಕೊಳವೆಬಾವಿಯ ನೀರು; ಗಡಸು. ಗಡಸುನೀರಿನ ಸುಣ್ಣಾಂಶದೊಡನೆ ಸೋಪು ಸೇರಿ ಬಿಳಿಯ ಗಸಿಯಾಗಿ ಕುಚ್ಚಿನ ಬುಡದಲ್ಲಿ ಕೂರುತ್ತದೆ. ಎಳೆಗಳು ಅಂಟಿಕೊಂಡು, ಹಾದಿ ಮುಚ್ಚಿ, ನೀರು ನಿಲ್ಲುವ ಜಾಗವೇ ಇಲ್ಲವಾಗುತ್ತದೆ. ಆದುದರಿಂದ ಬಳಸಿದೊಡನೆ ಬುಡದವರೆಗೆ ತೊಳೆದು, ಕೊಡವಿ, ಗಾಳಿಯಾಡುವ ಕಡೆ ಇಡುತ್ತೇವೆ, ಡಬ್ಬಿಯಲ್ಲಿ ಮುಚ್ಚಿಡುವುದಿಲ್ಲ. ತಿಂಗಳಿಗೊಮ್ಮೆ ಒಂದು ಬಟ್ಟಲು ನೀರಿಗೆ ಒಂದು ಚಮಚ ವಿನಿಗರ್ ಬೆರಸಿ ಐದು ನಿಮಿಷ ಅದ್ದಿದರೆ ಗಸಿ ಬಿಡುತ್ತದೆ. ಕುದಿಯುವ ನೀರು ಮಾತ್ರ ಕೂಡದು, ಅಂಟು ಸಡಿಲವಾಗುತ್ತದೆ.

ಆ ಬುಧವಾರ ನಾವು ಬಟ್ಟಲಿನಲ್ಲಿ ಸೋಪನ್ನಿಟ್ಟು, ಕುಂಚವನ್ನು ನೀರಿನಲ್ಲಿ ಅದ್ದಿ ತಂದೆಯವರ ಕೈಗೆ ಕೊಟ್ಟೆವು. ಹಿಡಿ ನಿಂತಿತು. ಕೈ ಎಂದಿನಂತೆ ನಡುಗುತ್ತಿದ್ದಿತು. ಆ ನಡುಕವೇ ಕುಚ್ಚನ್ನು ಸೋಪಿನ ಮೇಲೆ ಮಜ್ಜಿಗೆ ಕಡೆದಂತೆ ಕಡೆಯಿತು. ನಾವು ಐದು ನಿಮಿಷ ತಿರುಗಿಸಿದರೂ ಬಾರದ ನೊರೆ ಒಂದು ನಿಮಿಷದಲ್ಲಿ ಬಟ್ಟಲನ್ನು ಮೀರಿ ಬಂದಿತು. ಅವರು ಅದನ್ನು ನೋಡಿದರು, ನಮ್ಮನ್ನು ನೋಡಿದರು, ಬಾಯಿತುಂಬ ನಕ್ಕರು. ಊರಿನ ಕ್ಷೌರಿಕನಂತೆ ಬಹಳ ಹೊತ್ತು, ಕೆನ್ನೆ ಗದ್ದ ಕುತ್ತಿಗೆಗಳಿಗೆ ತಾವೇ ಹಚ್ಚಿಕೊಂಡರು. ಸ್ವಲ್ಪ ನಮ್ಮ ಅಂಗಿಯ ಮೇಲೂ ಸಿಡಿಯಿತು. ಆಮೇಲೆ ರೇಜರಿಗಾಗಿ ಮುಖವನ್ನು ನಮ್ಮ ಕಡೆಗೆ ಎತ್ತಿ ಹಿಡಿದರು. ಆ ದಿನ ರಕ್ತ ಬರಲಿಲ್ಲ.

ಇದು ನಡೆದು ಎರಡು ವರ್ಷವಾಯಿತು. ಕುಂಚ ಹಾಗೆಯೇ ಇದೆ. ಕಳೆದ ಸೋಮವಾರ ಕ್ಷೌರ ಮುಗಿದ ಮೇಲೆ ಅದನ್ನು ತಾವೇ ಕೊಡವಿ, ಕಿಟಕಿಯ ಗೂಟಕ್ಕೆ ತಗುಲಿಸುವಂತೆ ನಮ್ಮ ಕೈಗೆ ಕೊಡುತ್ತಾ, “ಇನ್ನೊಂದೂಮುಕ್ಕಾಲು ವರ್ಷ ಇದೆ, ನೋಡಿಕೊಂಡು ಬಳಸು” ಎಂದರು.