ಪಾತ್ರೆ ಇಲ್ಲ ಎನ್ನುವ ಒಲೆ

ಸತ್ತುಹೋದ ಇಂಡಕ್ಷನ್ ಒಲೆಗಿಂತ ಸುಳ್ಳು ಹೇಳುವ ಇಂಡಕ್ಷನ್ ಒಲೆ ನನಗೆ ಹೆಚ್ಚು ಇಷ್ಟ. ಸತ್ತದ್ದನ್ನು ಬಿಚ್ಚಿದರೆ ಫ್ಯೂಸ್ ಕರ್ರಗಾಗಿರುತ್ತದೆ, ಸ್ವಿಚ್ಚಿನ ಕೆಲಸ ಮಾಡುವ ಐಜಿಬಿಟಿ ಶಾರ್ಟ್ ಆಗಿರುತ್ತದೆ, ಬಹಳ ಸಲ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜೂ ಅದರ ಜೊತೆಗೇ ಹೋಗಿರುತ್ತದೆ. ಸುಳ್ಳುಗಾರ ಒಲೆಯ ಗತ್ತೇ ಬೇರೆ. ಡಿಸ್‌ಪ್ಲೇ ಬೆಳಗುತ್ತದೆ, ಫ್ಯಾನು ತಿರುಗುತ್ತದೆ, ನೀರು ತುಂಬಿದ ಸ್ಟೀಲ್ ಬೋಗುಣಿ ನಟ್ಟನಡುವೆ ಕೂತಿರುತ್ತದೆ. ಆದರೂ ಪೀಂ ಪೀಂ ಎಂದು ಕೂಗಿ, ಪಾತ್ರೆ ಎಲ್ಲಿ ಎಂದು ಕೇಳುತ್ತದೆ.

ನೌಕರಿ ನನ್ನನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ವಿಜಯಪುರ ಜಿಲ್ಲೆಯೊಳಗೇ ಅಡ್ಡಾಡಿಸಿತು. ಊರು ಬಿಡುವಾಗ ಸಾಮಾನೆಲ್ಲ ಟೆಂಪೋದಲ್ಲಿ, ಮಲ್ಟಿಮೀಟರು ಮತ್ತು ಸೋಲ್ಡರಿಂಗ್ ಐರನ್ನಿನ ಡಬ್ಬಿ ಮಾತ್ರ ನನ್ನ ತೊಡೆಯ ಮೇಲೆ. ‘ನಮ್ಮ ಒಲಿ ಒಂದೀಟು ನೋಡ್ರಿ’ ಎಂದು ಬರುವವರಿಗೆ ಯಾವ ಊರಲ್ಲೂ ಕೊರತೆಯಾಗಲಿಲ್ಲ. ಸಿಲಿಂಡರ್ ತೀರಿದ ದಿನಕ್ಕಿರಲಿ ಎಂದು ಕೊಂಡು, ಆಮೇಲೆ ಚಹಾ, ಹಾಲಿಗೆ ಅದನ್ನೇ ರೂಢಿ ಮಾಡಿಕೊಂಡ ಮನೆಗಳು. ಒಳಗೆ ಕಾಣುವುದೂ ಎಲ್ಲ ಕಡೆ ಒಂದೇ: ಎರಿ ಹೊಲದ ಧೂಳು, ಉಕ್ಕಿದ ಹಾಲಿನ ಕಲೆ, ಬೆಚ್ಚಗಿನ ಜಾಗ ಹುಡುಕಿ ಬಂದ ಜಿರಲೆಗಳ ಹಿಕ್ಕೆ. ಬ್ರಶ್ ಆಡಿಸಿ ಅದನ್ನೆಲ್ಲ ಝಾಡಿಸಿದ ಮೇಲೇ ಬೋರ್ಡಿನ ಮುಖ ಕಾಣುವುದು.

ಈ ಬೋರ್ಡನ್ನು ಸಲಿಗೆಯಿಂದ ಮುಟ್ಟುವಂತಿಲ್ಲ. ಟ್ರಾನ್ಸ್‌ಫಾರ್ಮರಿನ ಅಡ್ಡಗೋಡೆ ಇಲ್ಲದೆ ಇಡೀ ಬೋರ್ಡು ನೇರವಾಗಿ ಕರೆಂಟಿಗೇ ಜೋಡಿಸಿಕೊಂಡಿರುತ್ತದೆ. 5 ವೋಲ್ಟಿನ ಮೂಲೆಯಲ್ಲೂ ಶಾಕ್ ಕಾದಿರುತ್ತದೆ. 230 ವೋಲ್ಟು ಬ್ರಿಡ್ಜ್ ದಾಟಿದ ಮೇಲೆ ತುತ್ತತುದಿಯಲ್ಲಿ ಸುಮಾರು 325 ಮುಟ್ಟುತ್ತದೆ. ಅದಕ್ಕೇ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿಯಾಗಿದೆಯೆಂದು ಮೀಟರಿನಲ್ಲಿ ನೋಡಿಯೇ ಬೆರಳಿಡುವುದು. ಮತ್ತೆ ಕರೆಂಟ್ ಕೊಡುವಾಗ ನಡುವೆ 100 ವ್ಯಾಟಿನ ಹಳೆಯ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕುತ್ತೇನೆ. ಒಳಗೆಲ್ಲೋ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಹತ್ತಿ ಉರಿಯುತ್ತದೆ, ಹೊಸ ಐಜಿಬಿಟಿ ಉಳಿಯುತ್ತದೆ. ಅಂಗಡಿಗಳಲ್ಲಿ ಎಲ್ಲೆಲ್ಲೂ ಎಲ್‌ಇಡಿಯೇ ತುಂಬಿರುವ ಈ ಕಾಲದಲ್ಲಿ ಆ ಬಲ್ಬನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಕಣ್ಣಿಲ್ಲದ ಒಲೆಗೆ ಪಾತ್ರೆ ಇದೆಯೋ ಇಲ್ಲವೋ ತಿಳಿಯುವುದಾದರೂ ಹೇಗೆ? ಇದನ್ನು ಕಂಡುಹಿಡಿದವನ ಬುದ್ಧಿಗೆ ನಾನು ಇಂದಿಗೂ ತಲೆದೂಗುತ್ತೇನೆ. ಕಂಟ್ರೋಲರು ಗಾಜಿನಡಿಯ ತಂತಿಸುರುಳಿಗೆ, ಅಂದರೆ ಕಾಯಿಲಿಗೆ, ಒಂದು ಚುಟುಕು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ. ಕಾಯಿಲು ಮತ್ತು ಅದರ ಪಕ್ಕದ ಕೆಪಾಸಿಟರು, ಬಡಿದುಬಿಟ್ಟ ಗುಡಿಯ ಗಂಟೆಯ ಹಾಗೆ, ತಮ್ಮಷ್ಟಕ್ಕೆ ಅನುರಣಿಸುತ್ತವೆ. ಮೇಲೆ ಕಬ್ಬಿಣದ ಅಥವಾ ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನ ಪಾತ್ರೆ ಇದ್ದರೆ ಅದು ಆ ಶಕ್ತಿಯನ್ನು ಹೀರಿಕೊಳ್ಳುವುದರಿಂದ ನಾದ ಬೇಗ ಅಡಗುತ್ತದೆ. ಏನೂ ಇಲ್ಲದಿದ್ದರೆ ಬಹಳ ಹೊತ್ತು ನಡೆಯುತ್ತದೆ. ಆ ಅಲೆಗಳನ್ನು ಎಣಿಸಿಯೇ ತೀರ್ಪು: ಕಡಿಮೆ ಬಂದರೆ ಪಾತ್ರೆ ಇದೆ, ಜಾಸ್ತಿ ಬಂದರೆ ಇಲ್ಲ.

ಎಣಿಕೆಯ ಸುದ್ದಿ ವೋಲ್ಟೇಜ್ ಹೋಲಿಸಿ ನೋಡುವ ಕಂಪ್ಯಾರೇಟರಿಗೆ ಮುಟ್ಟುವುದು ಕಾಯಿಲಿನ ತುದಿಯಿಂದ ಹೊರಟ ಕೆಲವು ದೊಡ್ಡ ಬೆಲೆಯ ರೆಸಿಸ್ಟರುಗಳ ಮೂಲಕ. 330 ಕಿಲೋ ಓಮ್ ಎಂದಿಟ್ಟುಕೊಳ್ಳಿ: ಕಿತ್ತಳೆ, ಕಿತ್ತಳೆ, ಹಳದಿ ಪಟ್ಟಿ. ಅಕ್ಕಿಕಾಳಿಗಿಂತ ತುಸು ದೊಡ್ಡದು. ವರ್ಷಗಟ್ಟಲೆ ನೂರಾರು ವೋಲ್ಟಿನ ಹೊಡೆತ ತಿಂದು ಒಳಗೊಳಗೇ ಬೆಲೆ ಏರಿಸಿಕೊಳ್ಳುತ್ತದೆ, ಆಗ ಎಣಿಕೆ ದಾರಿ ತಪ್ಪುತ್ತದೆ. ಸುಟ್ಟ ವಾಸನೆ ಇಲ್ಲ, ಕಪ್ಪು ಕಲೆ ಇಲ್ಲ, ಬಣ್ಣದ ಪಟ್ಟಿಗಳು ಅಂಗಡಿಯಿಂದ ತಂದಷ್ಟೇ ಚೊಕ್ಕ. ಇದನ್ನು ಹಿಡಿಯಲು ಬೋರ್ಡಿನಿಂದ ಕೀಳುವುದೂ ಬೇಡ. ಸರ್ಕಿಟ್ಟಿನಲ್ಲಿರುವಾಗ ಅಕ್ಕಪಕ್ಕದ ದಾರಿಗಳಿಂದಾಗಿ ಮೀಟರು ನಿಜಕ್ಕಿಂತ ಕಡಿಮೆ ತೋರಿಸಬಹುದು, ಹೆಚ್ಚು ತೋರಿಸದು. 330 ಇರಬೇಕಾದ ಕಡೆ 900 ಎಂದು ಅಂಕಿ ನಿಂತರೆ ಕಳ್ಳ ಸಿಕ್ಕಂತೆಯೇ. ಆ ಅಂಕಿ ಏರುತ್ತ ಹೋಗುವುದನ್ನು ನೋಡುವ ಸುಖಕ್ಕಾಗಿಯೇ ನಾನು ಚಾಕರಿ ಮುಗಿಸಿ ಬಂದು ಸಂಜೆಯೆಲ್ಲ ನೆಲದ ಮೇಲೆ ಕೂರುವುದು. ಹೊಸ ಬೋರ್ಡೇ ಹಾಕಿಬಿಡಿ ಎನ್ನುವವರಿದ್ದಾರೆ. ಹಾಕಬಹುದು, ಅದು ರಿಪೇರಿ ಅಲ್ಲ, ವ್ಯಾಪಾರ.

ಬಾಗೇವಾಡಿಯಲ್ಲಿದ್ದಾಗ ಒಂದು ವಿಚಾರ ಬಂದು ನಗು ಬರುತ್ತಿತ್ತು. ಆ ತಾಲೂಕಿನ ಹಳೆಯ ಹದ್ದಿನೊಳಗೇ ಕೂಡಗಿಯಲ್ಲಿ 800 ಮೆಗಾವ್ಯಾಟಿನ 3 ವಿದ್ಯುತ್ ಘಟಕಗಳು, ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ 290 ಮೆಗಾವ್ಯಾಟ್. ಅಷ್ಟೆಲ್ಲ ಕರೆಂಟು ಹುಟ್ಟುವ ಸೀಮೆಯಲ್ಲಿ ಒಂದು ಮನೆಯ ಚಹಾ ನಿಂತದ್ದು ಚಿಲ್ಲರೆ ಕಾಸಿನ ರೆಸಿಸ್ಟರಿಗೆ.

ಅದನ್ನು ಬದಲಿಸಿ, ಗಾಜು ಮುಚ್ಚಿ, ಬೋಗುಣಿ ಇಟ್ಟರೆ ಕಾಯಿಲು ಸಣ್ಣಗೆ ಗುಂಯ್ಗುಡುತ್ತದೆ, ನೀರಿನ ತಳದಲ್ಲಿ ಗುಳ್ಳೆ ಏಳುತ್ತವೆ. ಒಲೆಯ ಒಡತಿಗೆ ಆಗ ಒಂದೇ ಪ್ರಶ್ನೆ: ‘ಇದರ ಮ್ಯಾಲ ರೊಟ್ಟಿ ಯಾಕ ಛಲೋ ಆಗಂಗಿಲ್ರಿ?’ ಕಾಯಿಲಿನ ಸುತ್ತು ಬಳೆಯಾಕಾರ, ನಟ್ಟನಡುವೆ ತಂತಿಯೇ ಇಲ್ಲ. ಆದ್ದರಿಂದ ಹಂಚು ಉಂಗುರದ ಹಾಗೆ ಕಾಯುತ್ತದೆ ಎಂದು ವಿವರಿಸುತ್ತೇನೆ. ಜೋಳದ ರೊಟ್ಟಿಗೆ ಸುತ್ತಲೂ ಕಂದು ಚುಕ್ಕೆ, ನಡುವೆ ಹಸಿ ಹಸಿ. ಮುದ್ದೇಬಿಹಾಳದ ಅಜ್ಜಿಯೊಬ್ಬರು ಪೂರ್ತಿ ಕೇಳಿಸಿಕೊಂಡು, ‘ಹಂಗಾದ್ರ ನಡುವನೂ ತಂತಿ ಸುತ್ತಿ ಕೊಡು’ ಎಂದರು. ಇನ್ನೂ ಕೊಟ್ಟಿಲ್ಲ.